ನಂದಿ ತಪ್ಪಲಿನ ವೈನ್ ತೋಟಕ್ಕೆ ಹೊರಡುವ ಮುನ್ನ

“ಈ ವಾರಾಂತ್ಯ ವೈನರಿಗೆ ಹೋಗಿಬರೋಣ” ಎನ್ನುವ ಮಾತು ಬೆಂಗಳೂರಿನಲ್ಲಿ ಈಗ ಸಾಮಾನ್ಯ. ಹೋಗಿಬಂದವರಲ್ಲಿ ಎಷ್ಟೋ ಮಂದಿ “ಅಲ್ಲಿ ದ್ರಾಕ್ಷಿಯೇ ಇರಲಿಲ್ಲ” ಎಂದು ಬೇಸರಪಡುವುದೂ ಅಷ್ಟೇ ಸಾಮಾನ್ಯ. ಇದರಲ್ಲಿ ತೋಟದ ತಪ್ಪೇನಿಲ್ಲ. ಸಿನಿಮಾದಲ್ಲಿ ಕಂಡ ಇಟಲಿ, ಫ್ರಾನ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಹೀಗಾಗುತ್ತದೆ. ನಮ್ಮ ನೆಲದ ಬಳ್ಳಿಗೆ ಅದರದೇ ಕಾಲಮಾನವಿದೆ. ಒಂದೆರಡು ದಿನದ ಪ್ರವಾಸವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕೇ ಹೊರತು ನಮ್ಮ ರಜೆಗೆ ಬಳ್ಳಿ ಹೊಂದಿಕೊಳ್ಳುವುದಿಲ್ಲ. ಹೊರಡುವ ಮುನ್ನ ಬಿಟ್ಟುಬಿಡಬೇಕಾದ ಕೆಲವು ನಂಬಿಕೆಗಳು ಇಲ್ಲಿವೆ.

“ವೈನ್ ತೋಟ ನೋಡಬೇಕಾದರೆ ನಾಸಿಕ್‌ಗೇ ಹೋಗಬೇಕು”

ನಾಸಿಕ್ ದೇಶದ ಅತಿ ದೊಡ್ಡ ವೈನ್ ಕೇಂದ್ರ ಎಂಬುದು ನಿಜ. ಆದರೆ ಅಲ್ಲಿನ ಸುಲಾ ವೈನರಿ ಹುಟ್ಟುವ ಮೊದಲೇ, 1988ರಲ್ಲಿ, ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ವೈನ್ ತಯಾರಕ ಜಾರ್ಜ್ ವೆಸೆಲ್ ಜೊತೆಗೂಡಿ ನಂದಿಬೆಟ್ಟದ ತಪ್ಪಲಿನಲ್ಲಿ ತೋಟ ಕಟ್ಟಿದ್ದರು. ಇಂದಿನ ಗ್ರೋವರ್ ಜಂಪಾ ವೈನರಿ ಇರುವುದು ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರ. ಮೈಸೂರು ಕಡೆ ಹೊರಟವರಿಗೆ ಚನ್ನಪಟ್ಟಣದ ಬಳಿ ಡೊಮೇನ್ ಸುಲಾ ಇದೆ. ರಾಜ್ಯ ಸರ್ಕಾರ 2007ರಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಹತ್ತಿರದ್ದನ್ನು ಬಿಟ್ಟು ವಿಮಾನದ ಟಿಕೆಟ್ ಹುಡುಕುವ ಅಗತ್ಯ ಮೊದಲ ಬಾರಿ ಹೋಗುವವರಿಗಂತೂ ಇಲ್ಲ.

“ಯಾವಾಗ ಹೋದರೂ ಗೊಂಚಲು ತೂಗುತ್ತಿರುತ್ತದೆ”

ಎಲ್ಲಕ್ಕಿಂತ ಹೆಚ್ಚು ನಿರಾಸೆ ತರುವ ನಂಬಿಕೆ ಇದು. ಯುರೋಪಿನಲ್ಲಿ ಬಳ್ಳಿ ಚಳಿಗಾಲವಿಡೀ ಎಲೆಯುದುರಿಸಿ ಮಲಗಿರುತ್ತದೆ. ವಸಂತದಲ್ಲಿ ಚಿಗುರಿ, ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಕೊಯ್ಲಿಗೆ ಬರುತ್ತದೆ. ನಮ್ಮಲ್ಲಿ ಆ ಮಟ್ಟದ ಚಳಿಯಿಲ್ಲ, ಹಾಗಾಗಿ ಬಳ್ಳಿ ಮಲಗುವುದೂ ಇಲ್ಲ. ಅದನ್ನು ಹದಕ್ಕೆ ತರುವುದು ಕತ್ತರಿ. ವಿಜಯಪುರದ ಬೆಳೆಗಾರರು ಬಳ್ಳಿ ಸವರುವ ಈ ಕೆಲಸವನ್ನು ಚಾಟ್ನಿ ಎನ್ನುತ್ತಾರೆ. ವರ್ಷಕ್ಕೆ ಎರಡು ಬಾರಿ ಚಾಟ್ನಿ. ಏಪ್ರಿಲ್ ಆಸುಪಾಸಿನ ಮೊದಲನೆಯದು ಹಣ್ಣಿಗಾಗಿ ಅಲ್ಲ, ಕಡ್ಡಿ ಬೆಳೆಸುವುದಕ್ಕಾಗಿ. ಮುಂದಿನ ಫಸಲಿನ ಮೊಗ್ಗು ಆ ಕಡ್ಡಿಯೊಳಗೇ ಕಟ್ಟಿಕೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಎರಡನೇ ಬಾರಿ ಸವರಿದ ಮೇಲೆ ಹೂಗೊಂಚಲು ಹೊರಡುತ್ತದೆ. ಕೊಯ್ಲು ನಡೆಯುವುದು ಹೆಚ್ಚಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ.

ಹೀಗಾಗಿ ಜುಲೈನಲ್ಲಿ ಹೋದರೆ ಸಿಗುವುದು ಹಸಿರೆಲೆ ಮಾತ್ರ, ಅಕ್ಟೋಬರ್‌ನ ದಸರಾ ರಜೆಯಲ್ಲಿ ಬೋಳು ಕಡ್ಡಿ. ಮಳೆಗಾಲದ ಹಸಿರೂ ಚೆಂದವೇ, ಆದರೆ ಹಣ್ಣಿನ ಆಸೆ ಇಟ್ಟುಕೊಂಡು ಹೋಗಬೇಡಿ. ನನ್ನನ್ನು ಕೇಳಿದರೆ ಜನವರಿ ಕೊನೆಯಿಂದ ಮಾರ್ಚ್ ನಡುವಿನ ಕಾಲವೇ ಸರಿ. ಕೆಂಪು ವೈನಿನ ದ್ರಾಕ್ಷಿ ಬಣ್ಣಕ್ಕೆ ತಿರುಗುವ ಆ ವಾರಗಳಲ್ಲಿ ಒಂದೇ ಗೊಂಚಲಿನಲ್ಲಿ ಹಸಿರು, ನಸುಗೆಂಪು, ಕಡುನೇರಳೆ ಕಾಳುಗಳು ಒಟ್ಟಿಗೇ ಇರುತ್ತವೆ. ಕೊಯ್ಲು ಹತ್ತಿರವಾದಾಗ ತೋಟದವರು ಕಾಳು ಹಿಸುಕಿ, ಗೇಣುದ್ದದ ಒಂದು ಕೊಳವೆಯ ಗಾಜಿನ ಮೇಲೆ ರಸದ ಹನಿ ಬಿಟ್ಟು, ಬೆಳಕಿಗೆ ಹಿಡಿದು ಒಳಗೆ ನೋಡುತ್ತಾರೆ. ಅದು ಸಕ್ಕರೆಯ ಅಳತೆ. 22–24 ಬ್ರಿಕ್ಸ್ ತೋರಿಸಿದರೆ ಕೆಂಪು ತಳಿಗಳ ಕೊಯ್ಲು ಬಂತೆಂದೇ ಅರ್ಥ. ಬಿಸಿಲೇರಿದರೆ ಹಣ್ಣು ಬಾಡುವುದರಿಂದ ಬೆಳಗಿನ ತಂಪಿನಲ್ಲೇ ಕೀಳುತ್ತಾರೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಮೊದಲ ತಂಡದ ಭೇಟಿಗೇ ಹೆಸರು ಕೊಡಿ. ಆದರೆ ಕೇಳದೆ ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳಬೇಡಿ, ಔಷಧಿ ಹೊಡೆದಿರುತ್ತಾರೆ.

“ರಸ್ತೆಬದಿಯ ಚಪ್ಪರದ ದ್ರಾಕ್ಷಿಯೇ ಬಾಟಲಿಗೆ ಹೋಗುತ್ತದೆ”

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದತ್ತ ಸಾಗಿದರೆ ಕಲ್ಲುಕಂಬಗಳ ಮೇಲೆ ತಂತಿ ಎಳೆದು ತಲೆಯೆತ್ತರಕ್ಕೆ ಹಬ್ಬಿಸಿದ ಚಪ್ಪರಗಳು ಸಿಗುತ್ತವೆ. ಅಲ್ಲಿ ಹೆಚ್ಚಾಗಿ ಬೆಳೆಯುವುದು ತಿನ್ನುವ ಹಣ್ಣಿನ ತಳಿಗಳು. ಅವುಗಳಲ್ಲಿ ನಮ್ಮದೇ ಆದದ್ದು ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಬೆಂಗಳೂರು ನೀಲಿ. ದಪ್ಪ ಸಿಪ್ಪೆ, ಬೀಜ, ಘಮ್ಮೆನ್ನುವ ವಾಸನೆ. ಜ್ಯೂಸ್, ಜಾಮ್‌ಗೆ ಬಲು ಒಳ್ಳೆಯದು, ಸಿಹಿಯಾದ ಅಗ್ಗದ ವೈನಿಗೂ ಹೋಗುತ್ತದೆ. ವೈನರಿಯವರು ಹೆಮ್ಮೆಯಿಂದ ತೋರಿಸುವ ಶಿರಾಜ್, ಕ್ಯಾಬರ್ನೆ ಸೊವಿನ್ಯೊನ್, ಸೊವಿನ್ಯೊನ್ ಬ್ಲಾಂ ಬೇರೆಯೇ ಜಾತಿಯವು. ಅವನ್ನು ಸಾಮಾನ್ಯವಾಗಿ ಚಪ್ಪರಕ್ಕೆ ಹಬ್ಬಿಸದೆ, ಸಾಲು ಸಾಲಾಗಿ ನೇರ ನಿಲ್ಲಿಸಿ ತಂತಿಗೆ ಕಟ್ಟಿರುತ್ತಾರೆ. ಕಾಳು ಸಣ್ಣದು, ತಿರುಳು ಕಡಿಮೆ. ಬೆಂಗಳೂರು ನೀಲಿ ವರ್ಷಕ್ಕೆ ಎರಡು ಫಸಲು ಕೊಡಬಲ್ಲದು. ಆದ್ದರಿಂದಲೇ ವೈನರಿಯ ಸಾಲುಗಳು ಬರಿದಾಗಿರುವಾಗಲೂ ರಸ್ತೆಬದಿಯ ಚಪ್ಪರದಲ್ಲಿ ಹಣ್ಣು ಕಾಣಬಹುದು. ಅಲ್ಲಿ ಗಾಡಿ ನಿಲ್ಲಿಸಿ ರೈತರಿಂದಲೇ ಒಂದೆರಡು ಕಿಲೋ ಕೊಳ್ಳಿ.

“ಕೆಂಪು ವೈನಿಗೆ ಬಣ್ಣ ಬೆರೆಸುತ್ತಾರೆ”

ಇಲ್ಲ. ಶಿರಾಜ್ ಹಣ್ಣನ್ನು ಹಿಸುಕಿದರೆ ಬರುವ ರಸಕ್ಕೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ. ಸಿಪ್ಪೆಯ ಜೊತೆಗೇ ಹುದುಗಿಸಿದರೆ ಕೆಂಪು, ಕೆಲವೇ ಗಂಟೆ ಬಿಟ್ಟು ಸಿಪ್ಪೆ ಬೇರ್ಪಡಿಸಿದರೆ ರೋಸೆ. ಕಾಲಲ್ಲಿ ತುಳಿಯುವುದು ಸುಗ್ಗಿಯ ಹಬ್ಬದಲ್ಲಿ ಪ್ರವಾಸಿಗರ ಖುಷಿಗೆ ಮಾತ್ರ. ಕೆಲಸವೆಲ್ಲ ಯಂತ್ರ ಮತ್ತು ಸ್ಟೀಲ್ ಟ್ಯಾಂಕುಗಳದು.

“ಹಳೆಯದಾದಷ್ಟೂ ವೈನ್ ರುಚಿ”

ಇದನ್ನು ನಂಬಿ ಬಾಟಲಿ ತಂದು ಶೋಕೇಸಿನಲ್ಲಿ ವರ್ಷಗಟ್ಟಲೆ ನಿಲ್ಲಿಸುವವರಿದ್ದಾರೆ. ಓಕ್ ಪೀಪಾಯಿಯಲ್ಲಿ ಮಾಗಿಸಿದ ಕೆಲವು ಕೆಂಪು ವೈನ್‌ಗಳು ಹಲವು ವರ್ಷ ಬಾಳುತ್ತವೆ. ಉಳಿದವು, ಅದರಲ್ಲೂ ಬಿಳಿ ಮತ್ತು ರೋಸೆ, ಒಂದೆರಡು ವರ್ಷದಲ್ಲೇ ಕುಡಿಯಬೇಕಾದವು. ನಮ್ಮ ಮನೆಗಳ ಬೇಸಿಗೆಯ ಶಾಖಕ್ಕೆ ಅವು ಬೇಗ ಕೆಡುತ್ತವೆ. ಕೊಂಡ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ.

“ಒಂದೇ ದಿನದಲ್ಲಿ ಮೂರು ವೈನರಿ ಮುಗಿಸಬಹುದು”

ಸುತ್ತಬಹುದು, ನೋಡಿದಂತಾಗದು. ದಿನಕ್ಕೊಂದು ಸಾಕು, ಅದೂ ಮುಂಚೆಯೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು. ಗಾಂಧಿ ಜಯಂತಿಯಂದು ಮದ್ಯ ಮಾರಾಟವಿಲ್ಲ. ಚುನಾವಣೆ ಇದ್ದರೆ ಮತದಾನ ಮುಗಿಯುವ ಸಮಯಕ್ಕೆ ಮುಂಚಿನ 48 ಗಂಟೆಯೂ ಇಲ್ಲ. ಅಬಕಾರಿ ನಿಯಮಗಳಂತೆ 21 ತುಂಬದವರಿಗೆ ಮಾರುವಂತಿಲ್ಲ, ಮಕ್ಕಳೊಂದಿಗೆ ಹೋಗುವವರು ಎಲ್ಲಿಯವರೆಗೆ ಪ್ರವೇಶವಿದೆ ಎಂದು ಮೊದಲೇ ಕೇಳಿಕೊಳ್ಳಿ. ಉಳಿದ ಹೊತ್ತನ್ನು ಈ ಸೀಮೆಗೇ ಕೊಡಿ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ, ದೇವನಹಳ್ಳಿ ಕೋಟೆ ಎಲ್ಲವೂ ಇದೇ ಆಸುಪಾಸಿನಲ್ಲಿವೆ.

“ವೈನ್ ಅಂದರೆ ಹಣ್ಣಿನ ರಸ, ಹೃದಯಕ್ಕೆ ಒಳ್ಳೆಯದು”

ಇದರಿಂದ ಆಗುವುದು ಬರೀ ನಿರಾಸೆಯಲ್ಲ, ಅಪಾಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯಪಾನವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅದರಲ್ಲಿ ವೈನಿಗೆ ವಿನಾಯಿತಿಯಿಲ್ಲ.

ರುಚಿ ನೋಡಲು ಕೊಡುವುದು ಸ್ವಲ್ಪವೇ ಅಲ್ಲವೇ ಎನ್ನುವವರು ಲೆಕ್ಕ ಹಾಕಿ ನೋಡಲಿ. 50 ಮಿ.ಲೀ.ನಂತೆ ಐದು ಬಗೆ ಎಂದರೆ 250 ಮಿ.ಲೀ. ಶೇ 13ರ ಲೆಕ್ಕದಲ್ಲಿ ಅದರೊಳಗೆ 32 ಮಿ.ಲೀ.ಗೂ ಹೆಚ್ಚು ಶುದ್ಧ ಆಲ್ಕೋಹಾಲ್ ಇರುತ್ತದೆ. 60 ಮಿ.ಲೀ. ವಿಸ್ಕಿಯಲ್ಲಿ ಇರುವುದು ಸುಮಾರು 26 ಮಿ.ಲೀ. ಮಾತ್ರ. ಗ್ಲಾಸು ತಿರುಗಿಸಿ, ಮೂಸಿ, ಬಾಯಲ್ಲಾಡಿಸಿ, ಪಕ್ಕದ ಪಾತ್ರೆಗೆ ಉಗುಳುವುದು ವೃತ್ತಿಪರರ ಪದ್ಧತಿ. ಅದಕ್ಕೆ ನಾಚಿಕೆ ಬೇಡ. ಖಾಲಿ ಹೊಟ್ಟೆಯಲ್ಲಂತೂ ಕೂರಬೇಡಿ.

ನಮ್ಮ ಕಾನೂನಿನಲ್ಲಿ ಚಾಲಕರಿಗಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೀರಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಿಮ್ಮ ಗುಂಪಿನಲ್ಲಿ ಒಂದು ಹನಿಯೂ ಮುಟ್ಟದ ಚಾಲಕರು ಯಾರೆಂದು ಮನೆ ಬಿಡುವ ಮೊದಲೇ ತೀರ್ಮಾನಿಸಿ, ಇಲ್ಲದಿದ್ದರೆ ಬಾಡಿಗೆ ಕಾರು ಗೊತ್ತುಮಾಡಿ.