ಪರಿಮಳದ ಚಹಾ: ಬೆಲೆ ಎಲೆಗೋ, ಘಮಕ್ಕೋ?

ನನ್ನ ಕಕ್ಷಿದಾರರಾದ ವರ್ತಕರೊಬ್ಬರು ಬರ್ಗಮಾಟ್ ಪರಿಮಳದ ಸಿಲೋನ್ ಚಹಾವನ್ನು ಮುಚ್ಚಳ ತೆರೆದು ಮೂಸಿದೊಡನೆಯೇ ಖರೀದಿಸಿದರು. ವರ್ಷಾಂತ್ಯದ ದಾಸ್ತಾನು ಪರಿಶೀಲನೆಯ ವೇಳೆಗೆ ಘಮ ಬಹುಪಾಲು ಆರಿಹೋಗಿ ಸಪ್ಪೆ ಎಲೆ ಮಾತ್ರ ಉಳಿದಿತ್ತು. ಕೊಂಡ ಬೆಲೆ, ಮಾರಾಟದಿಂದ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನೇ ಲೆಕ್ಕಕ್ಕೆ ಹಿಡಿಯತಕ್ಕದ್ದಾದ್ದರಿಂದ ಅವರ ಲಾಭದ ಒಂದಂಶ ಅಲ್ಲಿಯೇ ಕರಗಿತು.

ಸುವಾಸನೆಯನ್ನು ಬೆರೆಸುವುದು ಸಿದ್ಧವಾದ ಚಹಾಕ್ಕೆ. ಆದುದರಿಂದ ಅದೇ ಎಲೆಯ ಪರಿಮಳರಹಿತ ಮಾದರಿಯನ್ನೂ ತರಿಸಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಸವಿಯಬೇಕು. ಐಎಸ್‌ಒ 3103ರ ಕ್ರಮದಂತೆ 100 ಮಿ.ಲೀ. ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಹಾಲು, ಸಕ್ಕರೆ ಬೇಡ (ನಮ್ಮವರಿಗೆ ಇದೇ ಕಷ್ಟ!). ಬಿಸಿ ಇಳಿದ ಮೇಲೆ ಮತ್ತೊಮ್ಮೆ ಸವಿದರೆ, ಘಮ ತಗ್ಗಿ ಎಲೆಯ ಗುಣ ತಾನಾಗಿ ಬಯಲಾಗುತ್ತದೆ. ನುವರ ಎಲಿಯದಂತಹ ಎತ್ತರದ ತೋಟಗಳ ಚಹಾ ತೆಳು, ನವಿರು. ಗಾಢವಾದ ಹಣ್ಣಿನ ಪರಿಮಳದಡಿ ಅದು ಮುಚ್ಚಿಹೋಗುವುದರಿಂದ ಅಂಥ ಎಲೆಗೆ ಹೆಚ್ಚಿನ ದರ ತೆರುವುದು ವ್ಯರ್ಥ. ರುಹುಣದ ತಗ್ಗುನಾಡಿನ ಕಡುಚಹಾ ಅದನ್ನು ತಾಳಿಕೊಳ್ಳುತ್ತದೆ.

ನಾನಾದರೆ 10 ಅಂಕಗಳಲ್ಲಿ 6ನ್ನು ಎಲೆಗೂ 4ನ್ನು ಪರಿಮಳಕ್ಕೂ ಮೀಸಲಿಡುವೆನು. ಚಹಾ ತುಂಬಿದ ದಿನಾಂಕವನ್ನೂ ಅಂಕಗಳ ಪಕ್ಕದಲ್ಲಿಯೇ ಬರೆದಿಡಿ; ದಾಸ್ತಾನು ವಹಿಗೆ ಅದು ಬೇಕಾಗುತ್ತದೆ.