ಚಿಕ್ಕ ಮನೆಗೆ ಗೋಡೆಯೇ ಉಗ್ರಾಣ



ಸುಗ್ಗಿ ಮುಗಿದು ರಾಗಿ, ಜೋಳದ ಚೀಲಗಳು ಮನೆ ಸೇರಿದ ಮೇಲೆ ಮಲಗಲು ಜಾಗ ಹುಡುಕಬೇಕಾದ ಸ್ಥಿತಿ ಎಷ್ಟೋ ಮನೆಗಳಲ್ಲಿ ಬರುತ್ತದೆ. ಇರುವ ಒಂದೇ ಕೋಣೆಯಲ್ಲಿ ಕಾಳಿನ ಚೀಲ, ಗೊಬ್ಬರ, ಔಷಧಿ ಡಬ್ಬ, ಮಕ್ಕಳ ಪುಸ್ತಕ, ಹಾಸಿಗೆ ಎಲ್ಲವೂ ಸೇರಿಕೊಳ್ಳುತ್ತವೆ. ಇದು ಬರೀ ಇಕ್ಕಟ್ಟಿನ ಮಾತಲ್ಲ. ಇಲಿ, ಹುಳುಗಳಿಂದ ಕಾಳು ಕೆಡುತ್ತದೆ. ಕೀಟನಾಶಕದಿಂದ ಜೀವಕ್ಕೇ ಅಪಾಯ. ಮನೆಯನ್ನು ದೊಡ್ಡದು ಮಾಡಲು ಹಣ ಬೇಕು. ಇದ್ದ ಮನೆಯನ್ನು ಓರಣ ಮಾಡಲು ಒಂದು ದಿನದ ದುಡಿಮೆ, ನಾಲ್ಕು ಹಲಗೆ, ಒಂದಿಷ್ಟು ಹಗ್ಗ ಸಾಕು.

ಮೊದಲು ವಿಂಗಡಿಸಿ

ಯುಗಾದಿಗೆ ಸುಣ್ಣ ಬಳಿಯುವಾಗ ಹೇಗೂ ಸಾಮಾನುಗಳನ್ನು ಅಂಗಳಕ್ಕೆ ತರುತ್ತೀರಿ. ಒಳಗೆ ಇಡುವ ಮೊದಲು ನಾಲ್ಕು ಗುಂಪು ಮಾಡಿ: ದಿನವೂ ಬೇಕಾದುದು, ವಾರಕ್ಕೊಮ್ಮೆ ಬೇಕಾದುದು, ವರ್ಷಕ್ಕೊಮ್ಮೆ ಬೇಕಾದುದು, ಮನೆಯೊಳಗೆ ಇರಲೇಬಾರದುದು. ಯಾವ ವಸ್ತು ಎಲ್ಲಿರಬೇಕೆಂಬುದನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳಿಯೇ ತೀರ್ಮಾನಿಸಿ. ದಿನಕ್ಕೆ ಹತ್ತು ಸಲ ಬಗ್ಗಿ ಏಳುವವರು ಅವರೇ.

ವಿಷ ಹೊರಗಿರಲಿ

ನಾಲ್ಕನೆಯ ಗುಂಪಿನಲ್ಲಿ ಮೊದಲನೆಯದು ಕೀಟನಾಶಕ. ಡಬ್ಬದ ಚೀಟಿಯ ಮೇಲಿನ ತ್ರಿಕೋನವನ್ನು ನೋಡಿ. ಕೆಂಪು ಬಣ್ಣ ಅತ್ಯಂತ ಹೆಚ್ಚಿನ ವಿಷವನ್ನು ಸೂಚಿಸುತ್ತದೆ. ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರು ಬಣ್ಣದ್ದೂ ವಿಷವೇ. ಬೀಗ ಹಾಕುವ ಒಂದು ಪೆಟ್ಟಿಗೆಯನ್ನು ಪಂಪ್‌ಸೆಟ್ ಮನೆಯಲ್ಲೋ, ಮಳೆ ಬಿಸಿಲು ತಾಗದ ಹೊರಗೋಡೆಯಲ್ಲೋ ಮಕ್ಕಳ ಕೈಗೆ ಎಟುಕದಂತೆ ಇಡಿ. ಮೇವಿನ ಹತ್ತಿರ ಬೇಡ. ಬೀಜೋಪಚಾರ ಮಾಡಿ ಉಳಿದ ಬೀಜವೂ ಅದೇ ಪೆಟ್ಟಿಗೆಯಲ್ಲಿರಲಿ. ಔಷಧಿಯನ್ನು ಕುಡಿಯುವ ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ. ಖಾಲಿ ಡಬ್ಬವನ್ನು ಎಣ್ಣೆಗೋ ನೀರಿಗೋ ಬಳಸದೆ ತೂತು ಮಾಡಿಬಿಡಿ. ಒಂದು ಸಿಂಪರಣೆಗೆ ಬೇಕಾದಷ್ಟನ್ನೇ ಕೊಂಡರೆ ಹಣವೂ ಉಳಿತಾಯ, ಜಾಗವೂ ಉಳಿತಾಯ.

ಕಾಳಿನ ಹುಳುವಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ಮಲಗುವ ಮನೆಯಲ್ಲಿ ಬಳಸಲೇಬಾರದು. ಅದರಿಂದ ಹೊರಡುವ ಗಾಳಿ ನಿದ್ದೆಯಲ್ಲೇ ಪ್ರಾಣ ತೆಗೆಯಬಲ್ಲದು.

ಕಾಳಿಗೆ ಒಂದು ಮೂಲೆ

ಕಾಳನ್ನು ಚೆನ್ನಾಗಿ ಒಣಗಿಸಿದರೆ ಅರ್ಧ ಕೆಲಸ ಮುಗಿದಂತೆ. ಏಕದಳ ಧಾನ್ಯದಲ್ಲಿ ತೇವಾಂಶ ಶೇಕಡಾ 12ನ್ನು ಮೀರಬಾರದು. ಬೇಳೆಕಾಳುಗಳಲ್ಲಿ ಇನ್ನೂ ಕಡಿಮೆ ಇರಬೇಕು. ಹಲ್ಲಿನಿಂದ ಕಡಿದಾಗ ಕಟ್ ಎಂದು ಮುರಿದರೆ ಒಣಗಿದೆ ಎಂದು ತಿಳಿಯಬಹುದು. ಚೀಲಗಳನ್ನು ಬರಿಯ ನೆಲದ ಮೇಲೆ ಇಡದೆ, ಇಟ್ಟಿಗೆಯ ಮೇಲೆ ಹಲಗೆ ಹಾಸಿ ಪೇರಿಸಿ. ಗೋಡೆಯಿಂದ ಒಂದು ಅಡಿಯಾದರೂ ಬಿಡಿ. ಗೋಡೆಯ ತೇವ ತಾಗುವುದಿಲ್ಲ, ಇಲಿ ಬಿಲ ತೋಡಿದರೆ ಕಣ್ಣಿಗೂ ಬೀಳುತ್ತದೆ. ಗೊಬ್ಬರದ ಖಾಲಿ ಚೀಲದಲ್ಲಿ ಕಾಳು ತುಂಬಬೇಡಿ. ಯೂರಿಯಾ ತೇವ ಹೀರುವುದರಿಂದ ಅದನ್ನೂ ಹಲಗೆಯ ಮೇಲೆ, ಆದರೆ ಕಾಳಿನಿಂದ ದೂರ, ಸಾಧ್ಯವಾದರೆ ಹೊರಗಿನ ಕೊಟ್ಟಿಗೆಯಲ್ಲಿ ದನಗಳ ಬಾಯಿಗೆ ಸಿಗದಂತೆ ಇಡಿ.

ಗೋಡೆಯ ಲೆಕ್ಕ

ಉಳಿದ ಸಾಮಾನುಗಳಿಗೆ ಜಾಗವೆಲ್ಲಿ? ಒಂದು ಲೆಕ್ಕ ಹಾಕಿ ನೋಡಿ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯ ನೆಲ 120 ಚದರ ಅಡಿ. ಗೋಡೆ 8 ಅಡಿ ಎತ್ತರವಿದ್ದರೆ ನಾಲ್ಕು ಗೋಡೆಗಳು ಸೇರಿ 352 ಚದರ ಅಡಿ. ಬಾಗಿಲು, ಕಿಟಕಿ ಕಳೆದರೂ ನೆಲದ ಎರಡರಷ್ಟಕ್ಕಿಂತ ಹೆಚ್ಚು ಉಳಿಯುತ್ತದೆ. ನಮ್ಮ ಹಿರಿಯರು ಇದನ್ನು ಅರಿತೇ ಗೋಡೆಗೆ ಗೂಡು, ಗೂಟ, ನಾಗಂದಿಗೆ ಮಾಡಿದ್ದರು. ಜಂತೆಯಿಂದ ನೆಲುವು ಇಳಿಬಿಟ್ಟಿದ್ದರು.

ಹಳೆಯ ಬಾಗಿಲಿನ ಹಲಗೆಯಿಂದ ಒಂದು ಗೇಣು ಅಗಲದ ನಾಗಂದಿಗೆ ಮಾಡಿಸಬಹುದು. ದಿನಬಳಕೆಯ ವಸ್ತುಗಳು ಸೊಂಟದಿಂದ ಕಣ್ಣಿನ ಮಟ್ಟದವರೆಗೆ ಇರಲಿ. ಭಾರವಾದುದು ಕೆಳಗೆ, ಹಬ್ಬದ ಪಾತ್ರೆಗಳು ಅಟ್ಟದ ಮೇಲೆ. ಹಾಲು, ಮೊಸರಿಗೆ ನೆಲುವು ಇಂದಿಗೂ ಸೈ. ಬಟ್ಟೆಗೆ ಒಂದು ಬಿದಿರ ಗಳ, ಕುಡುಗೋಲಿಗೆ ಎತ್ತರದ ಗೂಟ ಸಾಕು. ಮಂಚದ ಕಾಲುಗಳಿಗೆ ಅಲುಗಾಡದಂತೆ ಇಟ್ಟಿಗೆ ಕೊಟ್ಟರೆ ಟ್ರಂಕು ಅಡಿಯಲ್ಲಿ ಕೂರುತ್ತದೆ. ಕಂದಾಯ ರಸೀದಿ, ಪಾಸ್‌ಪುಸ್ತಕ, ಪಡಿತರ ಚೀಟಿಗಳನ್ನು ಮುಚ್ಚಳ ಭದ್ರವಾಗಿರುವ ತಗಡಿನ ಡಬ್ಬದಲ್ಲಿ ಹಾಕಿ ಮೇಲಿನ ಗೂಡಿನಲ್ಲಿಡಿ. ಹೆಂಚಿನ ಮನೆಯಾದರೆ ಎರಡು ಗಾಜಿನ ಹೆಂಚು ಹಾಕಿಸಿ. ಕತ್ತಲ ಮೂಲೆಯೂ ಬಳಕೆಗೆ ಬರುತ್ತದೆ.

ಇಷ್ಟನ್ನೂ ಒಮ್ಮೆಲೇ ಮಾಡಲು ಆಗದಿರಬಹುದು. ನಾಗಂದಿಗೆ ಮುಂದಿನ ತಿಂಗಳಾದರೂ ಆಗಲಿ, ಚಿಂತೆಯಿಲ್ಲ. ಆದರೆ ಔಷಧಿಯ ಡಬ್ಬ ಮಾತ್ರ ಇಂದು ಸಂಜೆಯೊಳಗೆ ಮನೆಯಿಂದ ಹೊರಗೆ ಹೋಗಲಿ.