ಟ್ರ್ಯಾಕ್ಟರ್ ಬಲ್ಬಿನ ಖರ್ಚು: ಹೊಸದನ್ನು ಕೊಳ್ಳುವ ಮುನ್ನ ಸುಟ್ಟದ್ದನ್ನು ಪರೀಕ್ಷಿಸಿ



ಟ್ರ್ಯಾಕ್ಟರಿನ ಖರ್ಚು ಎಂದೊಡನೆ ನೆನಪಿಗೆ ಬರುವುದು ಡೀಸೆಲ್, ಟೈರು ಮತ್ತು ಎಂಜಿನ್ ಆಯಿಲ್. ಬಲ್ಬಿನ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವವರು ವಿರಳ. ಒಂದು ಬಲ್ಬಿಗೆ ಸರಾಸರಿ 150 ರೂ. ಎಂದಿಟ್ಟುಕೊಳ್ಳಿ. ಮುಂದಿನದು, ಹಿಂದಿನದು, ಟ್ರೇಲರಿನದು ಎಲ್ಲಾ ಸೇರಿ ವರ್ಷಕ್ಕೆ ಎಂಟು ಬಲ್ಬು ಸುಟ್ಟರೆ 1200 ರೂ. ಆಯಿತು. ಅದಕ್ಕಾಗಿ ನಾಲ್ಕು ಸಲ ಪೇಟೆಗೆ ಹೋಗಿಬರುವ ಖರ್ಚು ತಲಾ 200 ರೂ. ಹಿಡಿದರೆ ಇನ್ನೂ 800 ರೂ. ಒಟ್ಟು 2000 ರೂ. ಹೋಯಿತು. ಕೆಲಸ ನಿಂತ ಹೊತ್ತಿನ ನಷ್ಟ ಇದರಲ್ಲಿ ಸೇರಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಪದೇ ಪದೇ ಬಲ್ಬು ಹಾಕಿ ಬೇಸತ್ತವರು, "ಹಾಕಿದರೂ ಸುಡುತ್ತದೆ, ಇರಲಿ ಬಿಡು" ಎಂದು ಹಿಂದಿನ ದೀಪವನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಮುಂತಾದ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರೇಲರುಗಳು ರಾತ್ರಿಯಿಡೀ ರಸ್ತೆಯ ಮೇಲಿರುತ್ತವೆ. ಅಂಥ ವೇಳೆ ಉರಿಯದ ಒಂದು ಸಣ್ಣ ಬಲ್ಬು ಹಿಂದಿನಿಂದ ಬರುವವನ ಪ್ರಾಣಕ್ಕೇ ಎರವಾಗಬಹುದು. ಬಲ್ಬು ಬೇಗ ಸುಡುವುದಕ್ಕೆ ಕಾರಣವೇನು, ಅದರ ಖರ್ಚನ್ನು ತಗ್ಗಿಸುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಸುಟ್ಟ ಬಲ್ಬನ್ನು ಪರೀಕ್ಷಿಸುವ ಕ್ರಮ

ಬಲ್ಬು ಕೆಟ್ಟೊಡನೆ ಅದನ್ನು ಬೇಲಿಯಾಚೆ ಎಸೆಯಬೇಡಿ. ಬೆಳಕಿಗೆ ಹಿಡಿದು ಒಮ್ಮೆ ನೋಡಿ. ಏಕೆ ಕೆಟ್ಟಿತೆಂಬುದು ಅದರ ಗಾಜಿನಲ್ಲಿಯೇ ತಿಳಿಯುತ್ತದೆ.

1. ಸಾಮಾನ್ಯ ಬಲ್ಬಿನ ಗಾಜು ಒಳಗಡೆ ಕಪ್ಪಾಗಿದ್ದರೆ, ತಂತು ಸವೆದು ಹೋಗಿದೆ ಎಂದರ್ಥ. ಬಹುಕಾಲ ಉರಿದ ಬಲ್ಬಾದರೆ ಇದು ಸಹಜ. ಹಾಕಿದ ಕೆಲವೇ ವಾರಗಳಲ್ಲಿ ಹೀಗಾದರೆ ವೋಲ್ಟೇಜು ಹೆಚ್ಚಾಗಿದೆ ಎಂದು ಸಂಶಯಪಡಬೇಕು.

2. ಗಾಜು ತಿಳಿಯಾಗಿದ್ದು, ಒಳಗಿನ ತಂತು ಮಾತ್ರ ತುಂಡಾಗಿ ನೇತಾಡುತ್ತಿದ್ದರೆ ಅದುರಾಟವೇ ಕಾರಣ.

3. ಗಾಜಿನೊಳಗೆ ಬಿಳಿಯ ಹೊಗೆ ಹಿಡಿದಂತೆ ಇದ್ದರೆ, ಗಾಜು ಎಲ್ಲೋ ಸೀಳಿ ಒಳಗೆ ಗಾಳಿ ಸೇರಿದೆ. ಬಿಸಿ ಬಲ್ಬಿನ ಮೇಲೆ ನೀರು ಬಿದ್ದಾಗ ಹೀಗಾಗುವುದುಂಟು.

4. ಹ್ಯಾಲೊಜನ್ ಬಲ್ಬಿನ ಗಾಜು ಒಂದು ಕಡೆ ಗುಳ್ಳೆಯಂತೆ ಉಬ್ಬಿದ್ದರೆ, ಹಾಕುವಾಗ ಬೆರಳು ತಾಗಿದೆ.

5. ಬಲ್ಬಿನ ತಳ ಅಥವಾ ಹೋಲ್ಡರ್ ಸುಟ್ಟು ಕಂದಿದ್ದರೆ, ಸಂಪರ್ಕ ಸಡಿಲವಾಗಿ ಬಿಸಿಯಾಗುತ್ತಿದೆ.

ಕಾರಣವನ್ನು ಸರಿಪಡಿಸದೆ ಹೊಸ ಬಲ್ಬು ಹಾಕುವುದೆಂದರೆ ಒಡೆದ ಬದುವಿಗೆ ಮತ್ತೆ ಮತ್ತೆ ನೀರು ಹಾಯಿಸಿದಂತೆ.

ವೋಲ್ಟೇಜಿನ ಪರಿಣಾಮ

ಟ್ರ್ಯಾಕ್ಟರಿನ ಬಲ್ಬಿನ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ, ಅದರ ಬೆಳಕನ್ನು ಅಳೆಯುವುದು 13.2 ವೋಲ್ಟಿನಲ್ಲಿ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಕೊಡುತ್ತದೆ. ಈ ಮಿತಿಯಲ್ಲಿದ್ದರೆ ಚಿಂತೆಯಿಲ್ಲ. ಆದರೆ ವೋಲ್ಟೇಜು ಶೇಕಡ 5ರಷ್ಟು ಏರಿದರೆ ತಂತುವಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶೇಕಡ 10ರಷ್ಟು ಏರಿದರೆ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ.

ಹೀಗೆ ಏರುವುದಕ್ಕೆ ಮುಖ್ಯ ಕಾರಣ ಕೆಟ್ಟ ರೆಗ್ಯುಲೇಟರ್. ಇದನ್ನು ಗುರುತಿಸುವುದು ಸುಲಭ. ಬಲ್ಬುಗಳು ಒಂದರ ಹಿಂದೊಂದು ಸುಡುತ್ತಿದ್ದು, ಬ್ಯಾಟರಿಗೆ ಮೇಲಿಂದ ಮೇಲೆ ನೀರು ಹಾಕಬೇಕಾಗಿ ಬಂದಿದ್ದರೆ, ರೆಗ್ಯುಲೇಟರನ್ನು ತಪ್ಪದೆ ಪರೀಕ್ಷೆ ಮಾಡಿಸತಕ್ಕದ್ದು. ಇಲ್ಲದಿದ್ದರೆ ಬಲ್ಬಿನ ಜೊತೆಗೆ ಬ್ಯಾಟರಿಯೂ ಹಾಳಾಗುತ್ತದೆ.

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಈ ಪರೀಕ್ಷೆಯನ್ನು ನೀವೇ ಮಾಡಬಹುದು. ಎಂಜಿನನ್ನು ನಿಮಿಷಕ್ಕೆ ಸುಮಾರು 1500 ಸುತ್ತಿನ ವೇಗದಲ್ಲಿ ಓಡಿಸಿ, ಬ್ಯಾಟರಿಯ ಎರಡು ತುದಿಗಳ ನಡುವೆ ವೋಲ್ಟೇಜು ಅಳೆಯಿರಿ. 15 ವೋಲ್ಟ್ ಮುಟ್ಟಿದರೆ ಅಥವಾ ದಾಟಿದರೆ ದೋಷವಿದೆ. ಅನಂತರ ಹೆಡ್‌ಲೈಟ್ ಹಾಕಿ, ಬ್ಯಾಟರಿಯಲ್ಲಿ ಒಮ್ಮೆ, ಬಲ್ಬಿನ ಹೋಲ್ಡರಿನಲ್ಲಿ ಒಮ್ಮೆ ಅಳೆಯಿರಿ. ಎರಡಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ನಡುವೆ ಎಲ್ಲೋ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ. ವೋಲ್ಟೇಜು ಶೇಕಡ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡ 30ರಷ್ಟು ಕುಗ್ಗುತ್ತದೆ. "ಬೆಳಕು ಸಾಲದು" ಎಂದು ದುಬಾರಿ ಬಲ್ಬು ಕೊಳ್ಳುವವರ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಸಲ ಕೊರತೆ ಇರುವುದು ಬಲ್ಬಿನಲ್ಲಲ್ಲ, ಸಂಪರ್ಕದಲ್ಲಿ. ಸ್ಯಾಂಡ್ ಪೇಪರಿನಿಂದ ತುದಿಗಳನ್ನು ಉಜ್ಜಿ ಬಿಗಿ ಮಾಡಿದರೆ ಹಳೆಯ ಬಲ್ಬೇ ಚೆನ್ನಾಗಿ ಉರಿಯುತ್ತದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದಿಗೂ ಕಳಚಬೇಡಿ. ಆ ಕ್ಷಣದಲ್ಲಿ ವೋಲ್ಟೇಜು ಒಮ್ಮೆಗೇ ನೆಗೆದು ಉರಿಯುತ್ತಿರುವ ಬಲ್ಬುಗಳೂ, ಆಲ್ಟರ್ನೇಟರಿನ ಒಳಭಾಗಗಳೂ ಸುಡಬಹುದು. ಸಡಿಲವಾದ ಬ್ಯಾಟರಿ ಕ್ಲಾಂಪಿನಿಂದಲೂ ಇದೇ ಹಾನಿಯಾಗುತ್ತದೆ.

ಅದುರಾಟ ಮತ್ತು ನೀರು

ರೋಟವೇಟರ್ ಹೊಡೆಯುವಾಗ, ಕಲ್ಲು ಹೊಲದಲ್ಲಿ ಉಳುಮೆ ಮಾಡುವಾಗ, ಖಾಲಿ ಟ್ರೇಲರ್ ಕಟ್ಟಿಕೊಂಡು ವೇಗವಾಗಿ ಬರುವಾಗ ದೀಪಗಳು ವಿಪರೀತ ಅದುರುತ್ತವೆ. ಉರಿಯುತ್ತಿರುವ ತಂತು ಮೆತ್ತಗಿರುತ್ತದೆ. ಬಳಸಿ ಹಳೆಯದಾದ ತಂತು ತಣ್ಣಗಿದ್ದಾಗ ಪೆಡಸಾಗಿರುತ್ತದೆ. ಆದ್ದರಿಂದ ದೀಪದ ಬ್ರಾಕೆಟ್ಟಿನ ನಟ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡಬೇಕು. ಬ್ರಾಕೆಟ್ಟಿನಡಿಯ ರಬ್ಬರು ಹರಿದಿದ್ದರೆ ಬದಲಾಯಿಸಬೇಕು. ಹೋಲ್ಡರಿನ ಸ್ಪ್ರಿಂಗ್ ಸೋತು ಬಲ್ಬು ಅಲುಗಾಡುತ್ತಿದ್ದರೆ, ಹೋಲ್ಡರನ್ನೇ ಬದಲಿಸುವುದು ಮೇಲು.

ಕೆಸರುಗದ್ದೆಯಲ್ಲಿ ಕೆಲಸ ಮಾಡುವ ಟ್ರ್ಯಾಕ್ಟರುಗಳ ಹಿಂದಿನ ದೀಪಗಳಿಗೆ ನೀರೇ ಶತ್ರು. ದೀಪದ ಗಾಜು ಸೀಳಿದ್ದರೆ ಅಥವಾ ಅದರ ಸುತ್ತಲಿನ ರಬ್ಬರು ಪಟ್ಟಿ ಹೋಗಿದ್ದರೆ ನೀರು ಒಳಸೇರಿ ಹೋಲ್ಡರು ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದೊಡನೆ ಬಿಸಿ ದೀಪದ ಮೇಲೆ ತಣ್ಣೀರು ಹಾಯಿಸಬಾರದು. ಸ್ವಲ್ಪ ಹೊತ್ತು ಆರಲು ಬಿಟ್ಟು ಅನಂತರ ತೊಳೆಯಿರಿ.

ಟ್ರೇಲರಿನ ಅರ್ಥ್ ತಂತಿ

ಟ್ರೇಲರಿನ ದೀಪಗಳು ಒಮ್ಮೆ ಉರಿದು ಒಮ್ಮೆ ಆರುತ್ತಿದ್ದರೆ, ಬ್ರೇಕ್ ತುಳಿದಾಗ ಇಂಡಿಕೇಟರ್ ಮಿಣುಕುತ್ತಿದ್ದರೆ, ಬಲ್ಬು ಬದಲಿಸಿ ಪ್ರಯೋಜನವಿಲ್ಲ. ಅನೇಕ ಟ್ರೇಲರುಗಳಲ್ಲಿ ಅರ್ಥ್ ಸಂಪರ್ಕ ಕೊಕ್ಕೆಯ ಪಿನ್ನಿನ ಮೂಲಕವೇ ಸಾಗಬೇಕಾಗಿರುತ್ತದೆ. ಪಿನ್ನಿಗೆ ಗ್ರೀಸು, ಮಣ್ಣು, ತುಕ್ಕು ಮೆತ್ತಿದ್ದರೆ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ಟ್ರ್ಯಾಕ್ಟರಿನಿಂದ ಟ್ರೇಲರಿನ ಚಾಸಿಗೆ ಪ್ರತ್ಯೇಕವಾದ ಒಂದು ದಪ್ಪ ಅರ್ಥ್ ತಂತಿಯನ್ನು ಪ್ಲಗ್ಗಿನ ಮೂಲಕವೇ ಎಳೆಸಿರಿ. ಈ ಒಂದು ಕೆಲಸದಿಂದ ಟ್ರೇಲರ್ ದೀಪಗಳ ಎಷ್ಟೋ ತೊಂದರೆಗಳು ನಿಲ್ಲುತ್ತವೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಟ್ರ್ಯಾಕ್ಟರ್ ಕಂಪನಿಯ ಡಬ್ಬಿಯಲ್ಲಿ ಬಂದ ಬಲ್ಬೇ ಆಗಬೇಕೆಂಬ ನಿಯಮವಿಲ್ಲ. ವಾಹನದ ಬಲ್ಬುಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. 1978ರಿಂದ ಜಾರಿಯಲ್ಲಿರುವ ವಿಶ್ವಸಂಸ್ಥೆಯ 37ನೆಯ ವಾಹನ ನಿಯಮದಲ್ಲಿ ಒಂದೊಂದು ವರ್ಗದ ಅಳತೆ, ತಂತುವಿನ ಸ್ಥಾನ, ಬೆಳಕಿನ ಪ್ರಮಾಣ ಎಲ್ಲವನ್ನೂ ಗೊತ್ತುಪಡಿಸಲಾಗಿದೆ. ಒಂದೇ ವರ್ಗದ ಬಲ್ಬು ಯಾವ ಒಳ್ಳೆಯ ತಯಾರಕರದ್ದಾದರೂ ಅದೇ ಹೋಲ್ಡರಿಗೆ ಸರಿಯಾಗಿ ಕೂರುತ್ತದೆ. ಆದುದರಿಂದ ಅಂಗಡಿಯಲ್ಲಿ "ಇಂಥ ಟ್ರ್ಯಾಕ್ಟರಿನ ಬಲ್ಬು ಕೊಡಿ" ಎನ್ನುವುದಕ್ಕಿಂತ, ಹಳೆಯ ಬಲ್ಬಿನ ತಳದ ಮೇಲಿರುವ ಗುರುತನ್ನು ಓದಿ ಕೇಳಿರಿ. ಎರಡು ಮೂರು ಕಡೆ ಬೆಲೆ ವಿಚಾರಿಸಲು ಇದರಿಂದ ಅನುಕೂಲ.

ಮುಖ್ಯ ವರ್ಗಗಳು ಇವು. ಹೆಡ್‌ಲೈಟಿಗೆ 60/55 ವ್ಯಾಟಿನ ಎಚ್4 ಹ್ಯಾಲೊಜನ್ ಅಥವಾ 45/40 ವ್ಯಾಟಿನ ಆರ್2 ಬಲ್ಬು. ಇವೆರಡರ ತಳ ಬೇರೆ ಬೇರೆ, ಒಂದರ ಬದಲು ಇನ್ನೊಂದನ್ನು ಹಾಕಬಾರದು. ಇಂಡಿಕೇಟರಿಗೆ 21 ವ್ಯಾಟಿನ ಒಂದು ತಂತುವಿನ ಬಲ್ಬು. ಹಿಂದಿನ ಕೆಂಪು ದೀಪ ಮತ್ತು ಬ್ರೇಕ್ ದೀಪ ಒಂದರಲ್ಲೇ ಇದ್ದರೆ 21/5 ವ್ಯಾಟಿನ ಎರಡು ತಂತುವಿನ ಬಲ್ಬು. ಇದರ ಪಕ್ಕದ ಎರಡು ಮೊಳೆಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ. ಒಂದೇ ರೀತಿಯಲ್ಲಿ ಕೂರುವಂತೆ ಮಾಡಿದ ಏರ್ಪಾಡಿದು. ಬಲವಂತವಾಗಿ ತಿರುಗಿಸಿ ಹಾಕಿದರೆ ಹೋಲ್ಡರ್ ಕೆಡುತ್ತದೆ.

ಲಾರಿಗಳಲ್ಲಿ ಬಳಸುವ 24 ವೋಲ್ಟಿನ ಬಲ್ಬು ಟ್ರ್ಯಾಕ್ಟರಿನಲ್ಲಿ ಮಂದವಾಗಿ ಉರಿಯುತ್ತದೆ. ಕೊಳ್ಳುವಾಗ 12 ವೋಲ್ಟ್ ಎಂಬುದನ್ನು ಓದಿ ನೋಡಿ. ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತು ಒಂದು ಅಂಕಿ ಇದ್ದರೆ, ಆ ನಿಯಮದಂತೆ ಒಪ್ಪಿಗೆ ಪಡೆದ ಬಲ್ಬು ಎಂಬುದರ ಗುರುತು ಅದು. ಯಾವ ಗುರುತೂ ಇಲ್ಲದ ಅಗ್ಗದ ಬಲ್ಬಿನಿಂದ ಉಳಿತಾಯವಾಗದು.

ಹೆಚ್ಚು ಬೆಳಕಿನ ಆಸೆಯಿಂದ 100/90 ವ್ಯಾಟಿನ ಬಲ್ಬು ಹಾಕುವವರಿದ್ದಾರೆ. 55 ವ್ಯಾಟಿನ ಜಾಗದಲ್ಲಿ 90 ವ್ಯಾಟ್ ಹಾಕಿದರೆ ತಂತಿಯಲ್ಲಿ ಹುಟ್ಟುವ ಬಿಸಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಸ್ವಿಚ್ಚು ಸುಡುತ್ತದೆ, ತಂತಿಯ ಹೊದಿಕೆ ಕರಗುತ್ತದೆ, ಎದುರಿಗೆ ಬರುವವರ ಕಣ್ಣು ಕೋರೈಸುತ್ತದೆ.

ಹ್ಯಾಲೊಜನ್ ಬಲ್ಬು ಹಾಕುವ ವಿಧಾನ

ಸ್ವಿಚ್ಚು ಆರಿಸಿ, ಹಳೆಯ ಬಲ್ಬು ತಣ್ಣಗಾದ ಮೇಲೆ ತೆಗೆಯಿರಿ. ಹೊಸ ಬಲ್ಬನ್ನು ಲೋಹದ ತಳದಲ್ಲಿ ಮಾತ್ರ ಹಿಡಿಯಬೇಕು. ಬೆರಳಿನ ಬೆವರು ಮತ್ತು ಜಿಡ್ಡು ಗಾಜಿಗೆ ತಾಗಿದರೆ ಆ ಜಾಗ ಅತಿಯಾಗಿ ಕಾದು ಗಾಜು ದುರ್ಬಲವಾಗುತ್ತದೆ. ತಪ್ಪಿ ತಾಗಿದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ ಒಣಗಿಸಿ ಹಾಕಿರಿ. ಇದರೊಳಗಿನ ಅನಿಲ ಒತ್ತಡದಲ್ಲಿರುವುದರಿಂದ ಗೀರು ಬಿದ್ದ ಬಲ್ಬನ್ನು ಬಳಸಬಾರದು.

ಎಲ್‌ಇಡಿ ದೀಪಗಳು ಲಾಭಕರವೇ?

ಎಲ್‌ಇಡಿಯಲ್ಲಿ ತಂತು ಇಲ್ಲದಿರುವುದರಿಂದ ಅದು ಅದುರಾಟಕ್ಕೆ ಜಗ್ಗುವುದಿಲ್ಲ. ವಿದ್ಯುತ್ತೂ ಕಡಿಮೆ ಸಾಕು. ಟ್ರೇಲರಿನ ಹಿಂದಿನ ದೀಪಕ್ಕೆ, ನೀರು ಹೋಗದಂತೆ ಮುಚ್ಚಿದ ಎಲ್‌ಇಡಿ ದೀಪ ಒಳ್ಳೆಯ ಆಯ್ಕೆ. ಆದರೆ ಅದರೊಳಗೆ ಬಲ್ಬು ಬದಲಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಕೆಟ್ಟರೆ ಇಡೀ ದೀಪವನ್ನೇ ಕೊಳ್ಳಬೇಕು. ಬೆಲೆ ನೋಡದೆ ಕೊಂಡರೆ ಮೂಗಿಗಿಂತ ಮೂಗುತಿ ಭಾರವಾದೀತು. ಇಂಡಿಕೇಟರಿಗೆ ಎಲ್‌ಇಡಿ ಹಾಕಿದಾಗ ಅದು ಅತಿ ವೇಗವಾಗಿ ಮಿಣುಕತೊಡಗಿದರೆ, ಫ್ಲ್ಯಾಷರನ್ನೂ ಎಲ್‌ಇಡಿಗೆ ಹೊಂದುವಂಥದಕ್ಕೆ ಬದಲಿಸಬೇಕು.

ಎಚ್4 ಬಲ್ಬಿಗಾಗಿ ತಯಾರಾದ ಹೆಡ್‌ಲೈಟಿಗೆ ಮಾತ್ರ ಸಿಕ್ಕಿದ ಎಲ್‌ಇಡಿ ಬಲ್ಬನ್ನು ತುರುಕಬೇಡಿ. ಅಲ್ಲಿನ ಪ್ರತಿಫಲಕವನ್ನು ತಂತು ಇರುವ ನಿಖರ ಸ್ಥಾನಕ್ಕೆ ಹೊಂದಿಸಿ ಮಾಡಿರುತ್ತಾರೆ. ಬೆಳಕಿನ ಮೂಲ ಆ ಸ್ಥಾನ ಬಿಟ್ಟು ಸರಿದರೆ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಹಿಂದಿನ ದೀಪವನ್ನು ಅಲಕ್ಷಿಸಬೇಡಿ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಸೂರ್ಯಾಸ್ತವಾಗಿ ಅರ್ಧ ಗಂಟೆಯ ಅನಂತರ ಹಾಗೂ ಬೆಳಕು ಸಾಲದ ಯಾವುದೇ ವೇಳೆಯಲ್ಲಿ ರಸ್ತೆಯ ಮೇಲಿನ ವಾಹನದ ದೀಪಗಳು ಉರಿಯುತ್ತಿರಬೇಕು. ಮುಂದಿನ ದೀಪದ ಬೆಳಕಿನಲ್ಲಿ 155 ಮೀಟರ್ ದೂರದ ಜನ ಮತ್ತು ವಾಹನಗಳು ಸ್ಪಷ್ಟವಾಗಿ ಕಾಣಬೇಕು.

ಹಿಂದಿನ ದೀಪ ಏಕೆ ಬೇಕೆಂಬುದನ್ನು ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದ ಮೋಟಾರ್ ಸೈಕಲ್ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನಿಮ್ಮ ಟ್ರ್ಯಾಕ್ಟರು 20 ಕಿ.ಮೀ. ವೇಗದಲ್ಲಿದ್ದರೂ ನಡುವಿನ ಅಂತರ ಸೆಕೆಂಡಿಗೆ 11 ಮೀಟರಿನಂತೆ ಕರಗುತ್ತದೆ. ದೀಪವಿಲ್ಲದ ಟ್ರೇಲರ್ ಅವನಿಗೆ 30 ಮೀಟರ್ ದೂರದಲ್ಲಿ ಕಂಡರೆ, ಉಳಿಯುವುದು ಮೂರು ಸೆಕೆಂಡಿಗೂ ಕಡಿಮೆ. ಹಿಂದಕ್ಕೆ ಚಾಚಿದ ಕಬ್ಬು ದೀಪವನ್ನು ಮುಚ್ಚಿದ್ದರೂ ಪರಿಣಾಮ ಅದೇ. ಕೆಂಪು ಪ್ರತಿಫಲಕಗಳನ್ನೂ ಪ್ರತಿಫಲಿಸುವ ಪಟ್ಟಿಯನ್ನೂ ಹಚ್ಚಿ, ಆಗಾಗ ಧೂಳು ಒರೆಸಿರಿ. ಇವಕ್ಕೆ ತಂತಿಯೂ ಬೇಡ, ಬಲ್ಬೂ ಬೇಡ. ಆದರೆ ಇವು ದೀಪಕ್ಕೆ ಸಹಾಯಕವೇ ಹೊರತು ಬದಲಿಯಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

* ಸುಟ್ಟ ಬಲ್ಬಿನ ಗಾಜು ನೋಡಿ ಕಾರಣ ತಿಳಿಯಿರಿ. ಕಾರಣ ಸರಿಪಡಿಸಿ ಹೊಸದನ್ನು ಹಾಕಿರಿ.
* ಹಂಗಾಮಿಗೆ ಮೊದಲು ಬ್ಯಾಟರಿಯ ವೋಲ್ಟೇಜು ಮತ್ತು ಹೋಲ್ಡರಿನ ವೋಲ್ಟೇಜು ಅಳೆಯಿರಿ.
* ತಿಂಗಳಿಗೊಮ್ಮೆ ಬ್ರಾಕೆಟ್, ಹೋಲ್ಡರ್ ಮತ್ತು ಬ್ಯಾಟರಿ ಕ್ಲಾಂಪ್ ಬಿಗಿ ಮಾಡಿ.
* ಟ್ರೇಲರಿಗೆ ಪ್ರತ್ಯೇಕ ಅರ್ಥ್ ತಂತಿ ಎಳೆಸಿರಿ.
* ಬಲ್ಬಿನ ವರ್ಗ, ವೋಲ್ಟ್, ವ್ಯಾಟ್ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.
* ಒಂದು ಹೆಡ್‌ಲೈಟ್ ಬಲ್ಬು, ಎರಡು ಹಿಂದಿನ ಬಲ್ಬು, ನಾಲ್ಕು ಫ್ಯೂಸುಗಳನ್ನು ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಟ್ಟಿರಿ.
* ರಾತ್ರಿ ರಸ್ತೆಗಿಳಿಯುವ ಮುನ್ನ ಟ್ರೇಲರಿನ ಹಿಂದೆ ನಿಂತು, ದೀಪಗಳೆಲ್ಲ ಉರಿಯುವುದನ್ನು ಕಣ್ಣಾರೆ ನೋಡಿ ಹೊರಡಿರಿ.